ಕೆಂಚಿಯ ದನಿ ಒಡೆದ ದಿನ

ತೋಳ ಸಾರವಾಡದ ಕುರಿಹಟ್ಟಿಗೆ ಬಂದದ್ದು ಬೆಳಕು ಹರಿದ ಮೇಲೆ. ನನಗೆ ಮೊದಲು ಅನುಮಾನ ಹುಟ್ಟಿಸಿದ್ದೇ ಅದು. ಹಸಿದ ತೋಳ ಕತ್ತಲಲ್ಲಿ ಬರುತ್ತದೆ, ಒಂದು ಮರಿಯನ್ನು ಕಚ್ಚಿಕೊಂಡು ಸದ್ದಿಲ್ಲದೆ ಹೋಗುತ್ತದೆ. ಈ ತೋಳ ಜೋಳದ ಹೊಲದ ಬದುವಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ತೂರಾಡುತ್ತ ಬಂದು, ಕುರಿಗಳನ್ನು ಬಿಟ್ಟು ಮನುಷ್ಯರ ಮೇಲೆ ಬಿದ್ದಿತ್ತು.

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ನಾನು ವಿಜಾಪುರದ ದನಗಳ ದವಾಖಾನೆಯಲ್ಲಿ ಪಶುವೈದ್ಯನಾಗಿದ್ದೆ. ಟಿಕೋಟ, ಬಬಲೇಶ್ವರದ ಕಡೆಯ ಹಳ್ಳಿಗಳು ನನ್ನ ಪಾಲಿಗಿದ್ದವು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಕಾಲ ಅದು. ಬಬಲೇಶ್ವರದ ಬಸ್ಸು ಸಣ್ಣ ಏರು ಬಂದರೂ ನಿಂತುಬಿಡುತ್ತಿತ್ತು. ಡ್ರೈವರ್ ಇಳಿದು ಕೆಂಡ ಕೆದಕುವಾಗ ನಾನು ಹೊಲದ ಕಡೆ ಸ್ವಲ್ಪ ದೂರ ಹೋಗಿ ನಿಂತು ಕಿವಿಗೊಡುತ್ತಿದ್ದೆ. ಡೋಣಿ ನದಿಯ ಎರೆ ಬಯಲಿನಲ್ಲಿ ಆಗ ಎರೆಭೂತ ಪಕ್ಷಿಗಳು ಬೇಕಾದಷ್ಟಿದ್ದವು. ಗಂಡು ಹಕ್ಕಿ ಕೂಗಿದರೆ ಯಾರೋ ಖಾಲಿ ಕೊಡದೊಳಗೆ ಬಾಯಿಟ್ಟು ಹೂಂಗುಟ್ಟಿದ ಹಾಗೆ ಕೇಳುತ್ತಿತ್ತು. ಹಕ್ಕಿ ಕಣ್ಣಿಗೆ ಕಾಣದಷ್ಟು ದೂರದಲ್ಲಿದ್ದರೂ ಆ ಸದ್ದು ಕಾಲ ಬುಡದಲ್ಲೇ ಹುಟ್ಟಿದಂತೆ ಅನಿಸುತ್ತಿತ್ತು. ಮುಂಬಯಿಯಲ್ಲಿ ನಮಗೆ ಕಲಿಸಿದ ಮಾಸ್ತರರೊಬ್ಬರು, ರೋಗದ ಪ್ರಾಣಿಯನ್ನು ಮುಟ್ಟುವ ಮೊದಲು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಬೇಕು, ಅದರ ಉಸಿರೇ ಅರ್ಧ ಹೇಳುತ್ತದೆ ಎನ್ನುತ್ತಿದ್ದರು. ಆ ಅಭ್ಯಾಸ ನನ್ನಲ್ಲಿ ಹಾಗೇ ಉಳಿದುಕೊಂಡಿತ್ತು.

ಸುದ್ದಿ ತಿಳಿದು ನಾನು ಸಾರವಾಡ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಜನ ತೋಳವನ್ನು ಬಡಿಗೆಯಿಂದ ಬಡಿದು ಕೊಂದು, ಜೋಳದ ಕಣಿಕೆ ಒಟ್ಟಿ ಸುಟ್ಟಿದ್ದರು. ತಲೆ ಸಿಕ್ಕಿದ್ದರೆ ಮಿದುಳನ್ನು ಮುಂಬಯಿಯ ಪ್ರಯೋಗಶಾಲೆಗೆ ಕಳಿಸಿ ಹುಚ್ಚು ಇತ್ತೋ ಇಲ್ಲವೋ ತಿಳಿಯಬಹುದಾಗಿತ್ತು. ಉಳಿದದ್ದು ಬೂದಿ.

ಹಟ್ಟಿ ಇಬ್ಬರು ಅಣ್ಣತಮ್ಮಂದಿರದು. ತಮ್ಮನ ಕೆನ್ನೆ ಕಣ್ಣಿನ ಕೆಳಗಿನಿಂದ ತುಟಿಯವರೆಗೆ ಸೀಳಿತ್ತು. ಅಣ್ಣನ ಮೀನಖಂಡದಲ್ಲಿ ಎರಡು ಹಲ್ಲಿನ ಗುರುತು, ಅಷ್ಟೆ. ಮೂರನೆಯ ಗಾಯಾಳು ಅವರ ನಾಯಿ, ಕೆಂಚಿ. ಕೆಂಪು ಬಣ್ಣದ, ತೆಳು ಸೊಂಟದ ಹೆಣ್ಣುನಾಯಿ. ಅದರ ಮೂತಿ ಹರಿದು ರಕ್ತ ಕರಿಗಟ್ಟಿತ್ತು. ತಾಯಿ ಸತ್ತ ಮರಿಯನ್ನು ಅಣ್ಣ ಕುರಿಯ ಹಾಲು ಹಾಕಿ, ಕಂಬಳಿಯೊಳಗೆ ಮಲಗಿಸಿಕೊಂಡು ಬೆಳೆಸಿದ್ದನಂತೆ.

ನಾನು ಮೂವರ ಗಾಯವನ್ನೂ ಸಾಬೂನಿನ ನೀರಿನಿಂದ ಬಹಳ ಹೊತ್ತು ತೊಳೆದೆ. ಮೂವರಿಗೂ ಒಂದೇ ಸಾಬೂನು, ಒಂದೇ ಟಿಂಚರು. ಆಮೇಲೆ ಅಣ್ಣತಮ್ಮಂದಿರಿಗೆ ಹೇಳಿದೆ: ನಾಳೆಯೇ ವಿಜಾಪುರದ ದೊಡ್ಡ ದವಾಖಾನೆಗೆ ಬರಬೇಕು, ಎರಡು ವಾರ ದಿನಾ ಹೊಟ್ಟೆಗೆ ಸೂಜಿ ಮಾಡಿಸಿಕೊಳ್ಳಬೇಕು. ಅಣ್ಣ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತೋಳಕ್ಕೆ ಹಸಿವಾಗಿತ್ತು ಎಂದ. ಟಿಕೋಟದಲ್ಲಿ ಎಲೆಮದ್ದು ಕೊಡುವವರಿದ್ದಾರೆ, ಅಲ್ಲಿಗೆ ಹೋಗಿಬರುತ್ತೇನೆ, ಕುರಿ ಬಿಟ್ಟು ಊರಲ್ಲಿ ಕೂತರೆ ಆಗುವುದಿಲ್ಲ ಎಂದ. ಅಣ್ಣ ಬರದಿದ್ದರೆ ತಾನೂ ಬರುವುದಿಲ್ಲ ಎಂದು ತಮ್ಮ ಪಟ್ಟು ಹಿಡಿದ. ಆಗ ತಮ್ಮನ ಹೆಂಡತಿ ಎದ್ದು ಒಳಗೆ ಹೋದಳು. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ ಆಕೆಗೆ. ಗಂಟಿನಲ್ಲಿ ರೊಟ್ಟಿ ಕಟ್ಟಿಕೊಂಡು ಬಂದು ಗಂಡನ ಎದುರಿಗೆ ನಿಂತು, ನಡೀರಿ ಎಂದಳು. ಅವನು ಎದ್ದ.

ಉಳಿದದ್ದು ನಾಯಿಯ ಪ್ರಶ್ನೆ. ಹುಚ್ಚು ಪ್ರಾಣಿ ಕಚ್ಚಿದ ನಾಯಿಯನ್ನು ಇರಿಸಿಕೊಳ್ಳಬಾರದು, ಕೊಲ್ಲಬೇಕು. ನಾವು ಕಲಿತದ್ದೂ ಅದೇ, ನಮಗಿದ್ದ ಅಪ್ಪಣೆಯೂ ಅದೇ. ಊರಗೌಡರ ಆಳು ಬಂದೂಕು ತಂದಿದ್ದ. ಅಣ್ಣ ಬಂದು ಕೆಂಚಿಗೆ ಅಡ್ಡವಾಗಿ ನಿಂತ.

"ತೋಳ ಹಿಡ್ಕೊಂಡಿದ್ದು ನನ್ನ ತಮ್ಮನ ಗಲ್ಲಾರಿ. ಇದು ಅದರ ಕುತಿಗಿಗೆ ಜೋತು ಬೀಳಲಿಲ್ಲಂದ್ರ ಅಂವ ಉಳೀತಿರಲಿಲ್ಲ. ಇಂಥಾದ್ದಕ್ಕ ಗುಂಡ ಹಾಕ್ತೀರೇನ್ರಿ?"

ನನಗೆ ಬೇರೊಂದು ಯೋಚನೆ ಬಂತು. ತೋಳದ ತಲೆ ಬೂದಿಯಾಗಿದೆ. ಅದಕ್ಕೆ ಹುಚ್ಚು ಹಿಡಿದಿತ್ತೋ ಇಲ್ಲವೋ ಎಂಬುದಕ್ಕೆ ಈಗ ಉಳಿದ ಸಾಕ್ಷಿ ಈ ನಾಯಿಯ ಮೈಯೊಳಗೆ ಮಾತ್ರ ಇದೆ. ಇದನ್ನು ಕೊಂದರೆ ಅಣ್ಣನನ್ನು ಒಪ್ಪಿಸುವ ದಾರಿಯೂ ಮುಚ್ಚಿಹೋಗುತ್ತದೆ.

"ನಾ ಒಯ್ತೀನಿ," ಎಂದೆ. "ಮನ್ಯಾಗ ಕಟ್ಟಿ ಹಾಕ್ತೀನಿ. ಮಳಿಗಾಲ ಮುಗಿಯೂತನಕಾ ಇದು ನೆಟ್ಟಗಿದ್ರ ತೋಳಕ್ಕ ಏನೂ ಆಗಿರಲಿಲ್ಲಂತ ತಿಳಕೊಳ್ಳೂಣು. ಇದಕ್ಕ ಏನರ ಆತಂದ್ರ ಹೇಳಿ ಕಳಸ್ತೀನಿ. ಅವತ್ತ ನೀ ಬಂದು ಸೂಜಿ ಮಾಡಿಸ್ಕೋಬೇಕು."

ಅವನು ನಾಯಿಯನ್ನು ನೋಡಿದ, ನನ್ನನ್ನು ನೋಡಿದ. "ಆತ್ರಿ," ಎಂದ.

ನಮ್ಮ ಮನೆ ವಿಜಾಪುರದ ಇಬ್ರಾಹಿಂಪುರದಲ್ಲಿ ರೈಲುಹಳಿಯ ಹತ್ತಿರ. ಮನೆಯಲ್ಲಿ ನಾನು, ನನ್ನ ತಾಯಿ. ಅಂಗಳಕ್ಕೆ ನಾಯಿ ಬರುವುದು ಅವಳಿಗೆ ಸರಿಬರಲಿಲ್ಲ. ತಾನು ನಮಾಜು ಮಾಡುವ ಕಡೆ ಅದರ ನೆರಳೂ ಬೀಳಬಾರದೆಂದಳು. ಹಿತ್ತಲಿನ ಮೂಲೆಯಲ್ಲಿ ಹಳೆಯ ಕಲ್ಲಿನ ಗೋಡೆಯೊಂದಿತ್ತು. ಅದಕ್ಕೆ ಕಬ್ಬಿಣದ ಗೂಟ ಹೊಡೆದು, ಎರಡು ಸರಪಳಿ ಹಾಕಿ, ಸುತ್ತ ತಂತಿಯ ಬೇಲಿ ಕಟ್ಟಿಸಿದೆ. ಒಂದು ಸರಪಳಿ ಕಡಿದರೆ ಇನ್ನೊಂದಿರಲಿ ಎಂದು. ಎರಡನೆಯ ವಾರದಲ್ಲಿ ನೋಡಿದರೆ ತಾಯಿ ತನ್ನ ಹಿಟ್ಟಿನಲ್ಲೇ ಕೆಂಚಿಗೂ ಒಂದು ರೊಟ್ಟಿ ತಟ್ಟುತ್ತಿದ್ದಳು.

ತಮ್ಮ ಮತ್ತು ಅವನ ಹೆಂಡತಿ ಸೂಜಿ ಮುಗಿಯುವವರೆಗೆ ನಮ್ಮ ಪಡಸಾಲೆಯಲ್ಲೇ ಇದ್ದರು. ಬೆಳಿಗ್ಗೆ ದವಾಖಾನೆಗೆ ಹೋಗಿಬಂದು, ಊದಿದ ಹೊಟ್ಟೆಯನ್ನು ಹಿಡಿದುಕೊಂಡು ಅವನು ಬೇಲಿಯ ಹೊರಗೆ ಕೂತು ಕೆಂಚಿಯ ಜೊತೆ ಮಾತಾಡುತ್ತಿದ್ದ. ಊರಿನ ಸದ್ದುಗಳಿಗೆ ಇಬ್ಬರೂ ಹೊಸಬರು. ರೈಲು ಸೀಟಿ ಹಾಕಿದರೆ ನಾಯಿ ಮೂತಿ ಎತ್ತಿ ಊಳಿಡುತ್ತಿತ್ತು, ಅವನು ನಗುತ್ತಿದ್ದ. ನಮಗೆ ಏನೂ ಕೇಳದಿರುವಾಗಲೇ ಕೆಂಚಿಯ ಕಿವಿ ನಿಮಿರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ರೈಲು ಬರುತ್ತಿತ್ತು.

ಇದು ನನ್ನ ಕುತೂಹಲ ಕೆರಳಿಸಿತು. ಹಿತ್ತಾಳೆ ಕೆಲಸದವನೊಬ್ಬನಿಂದ ಒಂದು ಸಣ್ಣ ಪೀಪಿ ಮಾಡಿಸಿದೆ. ಅದರ ಹಿಂಬದಿಗೆ ಒಳಕ್ಕೆ ಸರಿಯುವ ಬಿರಡೆ. ಬಿರಡೆ ಒಳಗೆ ಹೋದಂತೆ ದನಿ ತೆಳ್ಳಗಾಗುತ್ತ, ಸೂಜಿಯ ಮೊನೆಯಂತಾಗಿ, ಕೊನೆಗೆ ನನ್ನ ಕಿವಿಗೆ ಬರೀ ಗಾಳಿ ಊದಿದಂತೆ ಆಗುತ್ತಿತ್ತು. ಕೆಂಚಿ ಆಗಲೂ ಕಿವಿ ತಿರುಗಿಸುತ್ತಿತ್ತು. ತಮ್ಮನಿಗೆ ಇದು ದೊಡ್ಡ ಮೋಜು. ನಮಗೆ ಕೇಳದ ಸದ್ದೂ ಇರುತ್ತದೆಯೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಅವನು ನಗುವಾಗ ದವಾಖಾನೆಯಲ್ಲಿ ಹಾಕಿದ್ದ ಗಾಯದ ಹೊಲಿಗೆ ಜಗ್ಗಿ ನೋವಾಗುತ್ತಿತ್ತು. ಹೆಂಡತಿ ಗದರುತ್ತಿದ್ದಳು.

ಸೂಜಿ ಮುಗಿಯಿತು, ಅವರು ಹಟ್ಟಿಗೆ ಹೋದರು. ಕೆಲವು ದಿನಗಳ ಮೇಲೆ ಅವನನ್ನು ಚಕ್ಕಡಿಯಲ್ಲಿ ಮಲಗಿಸಿ ದೊಡ್ಡ ದವಾಖಾನೆಗೆ ವಾಪಸು ತಂದರು. ಮೊದಲು ಕಾಲು ಜೋಮು ಹಿಡಿದಂತಾಯಿತಂತೆ. ಮರುದಿನ ಏಳಲು ಆಗಲಿಲ್ಲ. ಆಮೇಲೆ ಕೈಯೂ ಹೋಯಿತು, ಕೊನೆಗೆ ಉಸಿರು. ಅವನು ಸಾಯುವ ಹಿಂದಿನ ದಿನದವರೆಗೂ ನೀರು ಕುಡಿದ. ನೀರಿಗೆ ಹೆದರಲಿಲ್ಲ, ಕೂಗಾಡಲಿಲ್ಲ. ಹುಚ್ಚು ನಾಯಿಯ ರೋಗವೆಂದರೆ ಜನರಿಗೆ ಗೊತ್ತಿದ್ದ ಯಾವ ಗುರುತೂ ಅವನಲ್ಲಿ ಕಾಣಲಿಲ್ಲ.

ದೊಡ್ಡ ದವಾಖಾನೆಯ ಡಾಕ್ಟರರು ನನ್ನನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಹೇಳಿದರು. ಆ ರೋಗ ಅಪರೂಪಕ್ಕೆ ಹೀಗೂ ಬರುತ್ತದೆ, ಸುಮ್ಮನೆ ಕೈಕಾಲು ಸೋತು. ಆ ಕಾಲದ ಔಷಧಿಯನ್ನು ಪ್ರಾಣಿಯ ಮಿದುಳಿನಿಂದ ಮಾಡುತ್ತಿದ್ದರು. ಅದೂ ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ಒಗ್ಗದೆ ಹೀಗೇ ಮಾಡುತ್ತದೆ. ಇವನಿಗೆ ಯಾವುದಾಯಿತು ಎಂದು ಹೇಳಲು ತಮಗೆ ದಾರಿಯಿಲ್ಲ ಎಂದರು.

ಊರಿಗೆ ಅಂಥ ಅನುಮಾನವೇನೂ ಇರಲಿಲ್ಲ. ಸೂಜಿ ಮಾಡಿಸಿಕೊಂಡ ತಮ್ಮ ಸತ್ತ. ಎಲೆಮದ್ದು ಕಟ್ಟಿಸಿಕೊಂಡ ಅಣ್ಣ ಗಟ್ಟಿಮುಟ್ಟಾಗಿ ಕುರಿ ಕಾಯುತ್ತಿದ್ದಾನೆ. ಇನ್ನು ಕೇಳುವುದೇನು? ಗಂಡನನ್ನು ಎಳೆದುಕೊಂಡು ಹೋಗಿ ಕೊಲ್ಲಿಸಿದಳು ಎಂದು ಆ ಹೆಣ್ಣುಮಗಳ ಮುಖದ ಮೇಲೆಯೇ ಅಂದರಂತೆ. ಅವಳ ಕೈಯಿಂದ ನೀರು ತೆಗೆದುಕೊಳ್ಳುವುದನ್ನು ಅತ್ತೆ ಬಿಟ್ಟಳಂತೆ.

ದಿನಕರ್ಮ ಮುಗಿದ ಮೇಲೆ ಅಣ್ಣ ಹಗ್ಗ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಕೆಂಚಿ ಅವನ ಹೆಜ್ಜೆಯ ಸಪ್ಪಳವನ್ನು ಬೀದಿಯ ತುದಿಯಲ್ಲೇ ಗುರುತು ಹಿಡಿದು ಕುಣಿಯಿತು. ಅದರ ಬೊಗಳು ನನಗೆ ಆಗ ಬಾಯಿಪಾಠವಾಗಿತ್ತು. ಗಿಡ್ಡ, ಗಟ್ಟಿ, ಎರಡೆರಡು ಸಲ. ಬಾಗಿಲು ಹಾಕಿದಂತೆ ಕೊನೆಗೆ ಫಟ್ಟನೆ ಮುಚ್ಚಿಕೊಳ್ಳುವುದು. ಹಿಂದಿನ ಕಲ್ಲುಗೋಡೆ ಪ್ರತಿ ಸಲವೂ ಅದನ್ನು ತಿರುಗಿ ಒಪ್ಪಿಸುತ್ತಿತ್ತು. ನಾಯಿಯನ್ನು ಕೊಡಿ ಎಂದ ಅಣ್ಣ. ಅದು ಚೆನ್ನಾಗಿದೆ, ತೋಳವೂ ಚೆನ್ನಾಗಿತ್ತು, ತನ್ನ ತಮ್ಮನನ್ನು ಕೊಂದದ್ದು ಸೂಜಿ ಎಂದ. ನಾನು, ಹೇಳಿದ ಕಾಲ ಇನ್ನೂ ಮುಗಿದಿಲ್ಲ ಎಂದೆ. ಅವನು ಜಗಳಕ್ಕೆ ನಿಲ್ಲಲಿಲ್ಲ. ಜಗಳಕ್ಕೆ ಬೇಕಾದ ಕಸುವೂ ಅವನಲ್ಲಿ ಉಳಿದಿರಲಿಲ್ಲ. ಹಗ್ಗವನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟು ಹೋದ.

ಬಿಸಿಲು ಏರಿತು. ಯುಗಾದಿ ಕಳೆಯಿತು. ಒಂದು ಬೆಳಿಗ್ಗೆ ನಾನು ಎಂದಿನಂತೆ ಪೀಪಿ ಊದಿದೆ. ಕೆಂಚಿ ಕಿವಿ ತಿರುಗಿಸಲಿಲ್ಲ. ಬೆಚ್ಚಿ ಹಿಂದಕ್ಕೆ ಜಿಗಿದು, ಎದುರಿಗೆ ಏನೋ ಹಾರುತ್ತಿದೆ ಎಂಬಂತೆ ಗಾಳಿಯನ್ನು ಕಚ್ಚಿತು. ಅಲ್ಲಿ ನೊಣವಿರಲಿಲ್ಲ. ಹಿಂದಿನ ದಿನದ ರೊಟ್ಟಿ ಹಾಗೇ ಬಿದ್ದಿತ್ತು, ಅದರ ಬದಲು ಬೇಲಿಯ ಕಟ್ಟಿಗೆಯನ್ನು ಕಡಿದಿತ್ತು. ಮಧ್ಯಾಹ್ನ ರೈಲಿನ ಸೀಟಿಗೆ ಎಂದಿನಂತೆ ಊಳಿಡದೆ ಬೊಗಳಿತು. ಆಗ ಕೇಳಿದೆ. ಬೊಗಳು ಶುರುವಾದದ್ದು ಸರಿಯಾಗಿಯೇ, ಆದರೆ ಮುಚ್ಚಿಕೊಳ್ಳಲಿಲ್ಲ. ಬಾಯಿ ತೆರೆದೇ ಉಳಿದು, ದನಿ ಒಡೆದು, ಒಳಗಿನ ಯಾವುದೋ ಸಂದಿನಿಂದ ಜಾರಿ ಮೇಲಕ್ಕೆ ಎಳೆದುಕೊಂಡು ಹೋಯಿತು. ಗಂಟಲಿನ ನರಗಳು ಸೋತಾಗ ಹೀಗಾಗುತ್ತದೆ. ದನಿಯ ತಂತಿಗಳನ್ನು ಬಿಗಿಹಿಡಿಯುವ ಶಕ್ತಿ ಹೋಗುತ್ತದೆ. ಪುಸ್ತಕದಲ್ಲಿ ಓದಿದ್ದೆ. ಕಿವಿಯಿಂದ ಕೇಳಿದ್ದು ಮೊದಲ ಸಲ.

ಆಮೇಲೆ ನನ್ನ ಕೈ ನೋಡಿಕೊಂಡೆ. ನಾಲ್ಕು ದಿನದ ಕೆಳಗೆ ತಂತಿ ಗೀರಿ ಬೆರಳು ಕೊಯ್ದಿತ್ತು. ಕೆಂಚಿ ಅದನ್ನು ನೆಕ್ಕಿತ್ತು.

ಅಂದೇ ಕೊಲ್ಲಬೇಕಾಗಿತ್ತು. ಪೊಲೀಸು ಠಾಣೆಯಿಂದ ಬಂದೂಕಿನ ಜವಾನನೂ ಬಂದ. ನಾನು ಅವನಿಗೆ, ಒಂದು ದಿನ ತಡಿ ಎಂದೆ. ನಾನು ಎಷ್ಟು ಹೇಳಿದರೂ ಆ ಅಣ್ಣ ನಂಬುವವನಲ್ಲ. ಪ್ರಯೋಗಶಾಲೆಯ ಕಾಗದವನ್ನೂ ನಂಬುವುದಿಲ್ಲ. ಕೆಂಚಿಯ ದನಿಯನ್ನು ನಂಬುತ್ತಾನೆ. ಆದರೆ ಆ ಒಂದು ದಿನ ನಾಯಿ ಅನುಭವಿಸುವುದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಾರಿಕೆಯಿಂದ ನೀರಿನ ಬೋಗುಣಿಗೆ ಮೂತಿ ಹಾಕುತ್ತಿತ್ತು, ನುಂಗಲು ಬರುತ್ತಿರಲಿಲ್ಲ, ನೀರು ಹಾಗೇ ಸುರಿದುಹೋಗುತ್ತಿತ್ತು. ತಾಯಿ ಅದನ್ನು ಕಿಟಕಿಯಿಂದ ನೋಡಿ, ಇದನ್ನು ಯಾಕೆ ಇಷ್ಟು ಗೋಳಾಡಿಸುತ್ತೀ ಎಂದು ಕೇಳಿದಳು. ಕಾರಣ ಹೇಳಿದೆ. ಅವಳು ಕಿಟಕಿ ಮುಚ್ಚಿ ಒಳಗೆ ಹೋದಳು.

ಸಾರವಾಡಕ್ಕೆ ಹೇಳಿ ಕಳಿಸಿದ ಮರುದಿನ ಬಿಸಿಲೇರುವ ಹೊತ್ತಿಗೆ ಇಬ್ಬರು ಬಂದರು. ಅಣ್ಣ, ಅವನ ಹಿಂದೆ ತಮ್ಮನ ಹೆಂಡತಿ. ಅಣ್ಣ ಬರಲು ಒಪ್ಪಿರಲಿಲ್ಲವಂತೆ. ಕೊಟ್ಟ ಮಾತು ಎಂದು ಅವಳು ನೆನಪು ಮಾಡಿದಳಂತೆ. ಮನೆಯವರ ಬಾಯಿಗೆ ಬಿದ್ದಿದ್ದ ಆ ಹೆಣ್ಣುಮಗಳು ಇನ್ನೊಮ್ಮೆ ಅದೇ ದಾರಿಯಲ್ಲಿ ಇನ್ನೊಬ್ಬನನ್ನು ಕರೆತಂದಿದ್ದಳು.

ನಾನು ಅವರನ್ನು ಹಿತ್ತಲಿಗೆ ಬಿಡಲಿಲ್ಲ. ಹಿತ್ತಲಿನ ಹೊರಗೋಡೆಯ ಈಚೆಯೇ ನಿಲ್ಲಿಸಿದೆ. ಮೊದಲು ಸರಪಳಿ ಎಳೆದಾಡುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಕೆಂಚಿ ಕೂಗಿತು.

ಅಣ್ಣ ತಲೆ ಅಲ್ಲಾಡಿಸಿದ. "ಇದು ಕೆಂಚಿ ದನಿ ಅಲ್ರಿ," ಎಂದ. "ನೂರು ನಾಯಿ ಒದರಿದ್ರೂ ನಾ ಅದನ್ನ ಗುರ್ತ ಹಿಡೀತೀನಿ. ಇದು ಬ್ಯಾರೆ ಯಾವುದೋ."

ಅವನು ಗೋಡೆ ಹತ್ತಿ ಇಣುಕಿ ನೋಡಿದ. ಅದರ ಹೆಸರು ಹಿಡಿದು ಕರೆದ. ಕೆಂಚಿ ಎದ್ದು ನಿಂತಿತು. ಹಿಂಗಾಲು ತೂಗುತ್ತಿದ್ದವು. ಬಾಲ ಒಂದೆರಡು ಸಲ ಅಲ್ಲಾಡಿತು. ಒಡೆಯನಿಗೆ ಉತ್ತರ ಕೊಡಲು ಬಾಯಿ ತೆರೆದರೆ ಅದೇ ಒಡಕು ದನಿ ಹೊರಟಿತು. ಅವನು ಗೋಡೆಯಿಂದ ಇಳಿದು ಮಣ್ಣಿನಲ್ಲಿ ಕೂತ. ಧೋತರ ಸರಿಸಿ ತನ್ನ ಮೀನಖಂಡದ ಮೇಲಿನ ಎರಡು ಕಲೆಗಳನ್ನು ಮುಟ್ಟಿ ನೋಡಿಕೊಂಡ.

"ನನಗೂ ತಮ್ಮನಂಗ ಕೈಕಾಲು ಹೋದ್ರ?" ಎಂದು ಕೇಳಿದ. ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವಳು ಅವಳು.

"ಅವರನ್ನ ಎಳಕೊಂಡು ಬಂದಾಕಿ ನಾನು. ಮಂದಿ ನನಗ ಏನಂತಾರ ನಿಮಗ ಗೊತ್ತೈತಿ. ಆದ್ರೂ ಹೇಳ್ತೀನಿ ಭಾವಾರ, ಮಾಡಿಸ್ಕೋರಿ."

ನಾನು ನನ್ನ ಬೆರಳು ತೋರಿಸಿದೆ. ನನಗೂ ಸೂಜಿ ತಪ್ಪಿದ್ದಲ್ಲ, ಇಬ್ಬರೂ ಕೂಡಿಯೇ ಹೋಗೋಣ ಎಂದೆ. ಅವನು ಧೋತರ ಸರಿಪಡಿಸಿಕೊಂಡು ಹೂಂ ಎಂದ.

ಜವಾನ ಬಂದೂಕು ಸರಿಮಾಡಿಕೊಂಡ. ಗುಂಡು ಎದೆಗೇ ಬೀಳಬೇಕು, ತಲೆಗೆ ತಗಲಬಾರದು, ಮಿದುಳು ಬೇಕು ಎಂದು ಅವನಿಗೆ ಹೇಳಿದ್ದೆ. ನಾಯಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಸರಪಳಿಯ ಉದ್ದಕ್ಕೂ ಸುತ್ತುತ್ತಿತ್ತು. ಜವಾನ ಎರಡು ಸಲ ಗುರಿಯಿಟ್ಟು ಇಳಿಸಿದ. ಆಗ ಅಣ್ಣ ಎದ್ದ.

"ನಾ ಕರೀತೀನ್ರಿ. ನಿಂದರ್ತೈತಿ," ಎಂದ.

ಅವನು ಕರೆದ. ಅದು ನಿಂತಿತು.

ಮುಂದಿನ ಕೆಲಸ ನನ್ನದು. ರಬ್ಬರಿನ ಕೈಗವಸು ತೊಟ್ಟು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತಲೆಬುರುಡೆ ಬಿಡಿಸಿದೆ. ಮಿದುಳಿನ ಬೇಕಾದ ಭಾಗವನ್ನು ಗ್ಲಿಸರಿನ್ನಿನ ಬಾಟಲಿಗೆ ಹಾಕಿ, ಬಾಯಿಗೆ ಮೇಣ ಹಚ್ಚಿ, ಹೊಟ್ಟಿನಲ್ಲಿ ಹುಗಿದು ಡಬ್ಬಿ ಕಟ್ಟಿ, ಅಂದಿನ ರೈಲಿಗೆ ಮುಂಬಯಿಗೆ ಕಳಿಸಿದೆ. ಉಳಿದ ದೇಹವನ್ನು ಸುಣ್ಣ ಹಾಕಿ ಆಳವಾಗಿ ಹೂಳಿದೆವು. ಅಣ್ಣ ಗುಂಡಿ ತೋಡಿದ. ನಾಯಿಯನ್ನು ಮುಟ್ಟಲು ಅವನನ್ನು ಬಿಡಲಿಲ್ಲ. ಅದೊಂದನ್ನು ಅವನು ನನ್ನನ್ನು ಎರಡು ಸಲ ಕೇಳಿದ್ದ.

ದೊಡ್ಡ ದವಾಖಾನೆಯಲ್ಲಿ ನಾವು ದಿನಾ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದೆವು. ಮೊದಲ ದಿನ ಅವನು, ನೀವು ಮೊದಲು ಹೋಗಿ ಎಂದ. ಹೋದೆ. ಧೈರ್ಯವಿತ್ತು ಎಂದು ಹೇಳಲಾರೆ. ಆ ದಿನಗಳಲ್ಲಿ ಬೆಳಿಗ್ಗೆ ಎಚ್ಚರವಾದರೆ ಕಣ್ಣು ಬಿಡುವ ಮೊದಲು ಕಾಲಿನ ಬೆರಳು ಅಲ್ಲಾಡಿಸಿ ನೋಡಿಕೊಳ್ಳುತ್ತಿದ್ದೆ. ಪಡಸಾಲೆಯಲ್ಲಿ ಮಲಗಿದ್ದ ಅವನೂ ಹಾಗೇ ಮಾಡುತ್ತಿದ್ದನೆಂದು ಆಮೇಲೆ ಗೊತ್ತಾಯಿತು. ಸೂಜಿ ಅರ್ಧ ಮುಗಿದಿರುವಾಗ ಮುಂಬಯಿಯಿಂದ ತಾರು ಬಂತು. ನಾಯಿಗೆ ಹುಚ್ಚು ಇದ್ದದ್ದು ಖಾತ್ರಿ ಎಂದಿತ್ತು. ಓದಿ ಹೇಳಿದೆ. ಅವನು ತಾರಿನ ಕಡೆ ನೋಡಲೂ ಇಲ್ಲ.

ನಮ್ಮಿಬ್ಬರಿಗೂ ಏನೂ ಆಗಲಿಲ್ಲ.

ಮಳೆಗಾಲ ಕಳೆದ ಮೇಲೆ ನಾನು ಮಮದಾಪುರದಲ್ಲಿ ದನಗಳಿಗೆ ಲಸಿಕೆ ಹಾಕಿ ವಾಪಸು ಬರುತ್ತಿದ್ದೆ. ದಾರಿಯ ಪಕ್ಕದ ಹೊಲದಲ್ಲಿ ಅವರ ಕುರಿಗಳು ಕಂಡವು. ಅಣ್ಣ ದೂರದ ಬೇವಿನ ಗಿಡದ ಕೆಳಗೆ ಒಂದು ಕುರಿಯ ಗೊರಸು ನೋಡುತ್ತಿದ್ದ. ತಮ್ಮನ ಹೆಂಡತಿ ಕೈಯಲ್ಲಿ ಬಡಿಗೆ ಹಿಡಿದು ಹಿಂಡಿನ ಬದಿಗೆ ನಿಂತಿದ್ದಳು. ತವರಿನವರು ಕರೆಯಲು ಬಂದಿದ್ದರಂತೆ, ಹೋಗಲಿಲ್ಲವಂತೆ. ಅತ್ತೆ ಈಗ ಅವಳ ಕೈಯ ನೀರು ಕುಡಿಯುತ್ತಾಳೆ, ಆದರೆ ಮಾತಿಲ್ಲ. ನನ್ನ ತಾಯಿಯ ಆರೋಗ್ಯ ಕೇಳಿದಳು. ನಾನು ಸೈಕಲ್ ಏರಬೇಕು ಎನ್ನುವಾಗ ತಡೆದಳು.

"ಸಾಹೇಬ್ರ, ಒಂದ ಮಾತು ಕೇಳ್ತೀನ್ರಿ. ನಮ್ಮವ್ರು ತೋಳದಿಂದ ಹೋದ್ರೋ, ಸೂಜಿಯಿಂದ ಹೋದ್ರೋ?"

ತೋಳದಿಂದ ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವಳು ಕೇಳಿದ ರೀತಿ ಸಮಾಧಾನ ಬೇಡುವವರ ರೀತಿಯಾಗಿರಲಿಲ್ಲ.

"ಗೊತ್ತಿಲ್ಲವ್ವಾ," ಎಂದೆ. "ತೋಳಕ್ಕ ಹುಚ್ಚಿದ್ದದ್ದು ಖರೆ. ಗಾಯ ಮಾರಿ ಮ್ಯಾಲಿತ್ತು, ಮಿದುಳಿಗೆ ಹತ್ತರ. ನೀ ಕರಕೊಂಡು ಬರಲಿಲ್ಲಂದ್ರ ಉಳೀತಿದ್ರಂತ ಹೇಳಾಕ ಯಾರಿಗೂ ಬರೂದಿಲ್ಲ. ಇಷ್ಟ ನನಗ ಗೊತ್ತಿದ್ದದ್ದು."

"ಊರಾಗ ಎಲ್ಲಾರಿಗೂ ಗೊತ್ತೈತ್ರಿ," ಎಂದಳು. "ಗೊತ್ತಿಲ್ಲ ಅಂದವ್ರು ನೀವೊಬ್ಬರ."

ಅಷ್ಟರಲ್ಲಿ ಹಿಂಡಿನ ಆ ತುದಿ ಚದುರಿ, ಕುರಿಗಳು ಪಕ್ಕದವರ ಜೋಳದ ಬೆಳೆಗೆ ನುಗ್ಗತೊಡಗಿದವು. ಗಿಡದ ಕೆಳಗಿನಿಂದ ಅಣ್ಣ ಕೂಗಿದ. ಅಟ್ಟಿಸಿಕೊಂಡು ಹೋಗಲು ನಾಯಿ ಇರಲಿಲ್ಲ. ಅವಳು ಸೆರಗು ಸೊಂಟಕ್ಕೆ ಬಿಗಿದು, ಬದು ದಾಟಿ, ಕುರಿಗಳ ಮುಂದಕ್ಕೆ ಓಡಿದಳು.